ಏಳಕ್ಷರದ ತಾಳ, ಎರಡೇ ಕಾಲು

ಹಂಗಾರಕಟ್ಟೆಯಲ್ಲಿ ಕಾರಣವಿಲ್ಲದೆ ನಡೆಯುವವನ ಮೇಲೆ ಊರಿಗೆಲ್ಲ ಗುಮಾನಿ. ಬಾರ್ಜ್ ಹಿಡಿಯಲು ಹೊರಟವನು ಅಂದರೆ ಸರಿ. ಜೆಟ್ಟಿಯಲ್ಲಿ ಬೋಟಿನ ಕೆಲಸವಿದೆ ಅಂದರೂ ಸರಿ. ಬಸ್ಸು ತಪ್ಪಿ ಮಾಬುಕಳದವರೆಗೆ ಕಾಲೆಳೆಯುತ್ತಿದ್ದರೆ ಅಯ್ಯೋ ಪಾಪ ಎಂದು ಯಾರಾದರೂ ಬೈಕಿಗೆ ಹತ್ತಿಸಿಕೊಳ್ಳುತ್ತಾರೆ. ಆದರೆ ಐವತ್ತು ದಾಟಿದ, ಹೊಟ್ಟೆ ಮುಂದಾದ ಮನುಷ್ಯನೊಬ್ಬ ಬೆಳಿಗ್ಗೆ ಕೈಯಲ್ಲಿ ಚೀಲವಿಲ್ಲದೆ, ಬಿಳಿ ಬೂಟು ಹಾಕಿಕೊಂಡು, ಹೋದ ದಾರಿಯಲ್ಲೇ ಹಿಂದಕ್ಕೆ ಬರುತ್ತಾನೆಂದರೆ ಅವನ ಮನೆಯಲ್ಲಿ ಏನೋ ನಡೆದಿದೆ ಎಂದೇ ಲೆಕ್ಕ.

"ಹ್ವಾಯ್, ಎಲ್ಲಿಗ್ ಹೊರಟದ್ದ್?"

"ಎಲ್ಲಿಗೂ ಇಲ್ಲ, ಸುಮ್ನೆ."

"ಸುಮ್ನೆ ಯಾರಾರೂ ಹೋತ್ರಾ ಮಾರಾಯ್ರೆ?"

ಶುಗರ್ ಬಂದಿದೆ, ಡಾಕ್ಟ್ರು ನಡೆಯಲು ಹೇಳಿದ್ದಾರೆ ಎಂದು ನಿಜ ಹೇಳಿದರೆ ಇನ್ನೂ ಕಷ್ಟ. ಒಬ್ಬರು ಹಾಗಲಕಾಯಿ ರಸ ಹೇಳುತ್ತಾರೆ, ಇನ್ನೊಬ್ಬರು ಅಮೃತಬಳ್ಳಿ. ಮೂರನೆಯವರು ತಮ್ಮದೇ ಶುಗರ್ ಎಷ್ಟಿತ್ತು, ಎಷ್ಟಕ್ಕೆ ಬಂತು, ನಡುವೆ ಯಾರ ಮದುವೆಯ ಹೋಳಿಗೆಯಿಂದ ಮತ್ತೆ ಎಷ್ಟಕ್ಕೆ ಏರಿತು ಎಂಬ ಕಥೆಯನ್ನು ನನ್ನ ಮೊಣಕೈ ಹಿಡಿದುಕೊಂಡು ಹೇಳುತ್ತಾರೆ. ಡಾಕ್ಟ್ರು ಹೇಳಿದ್ದು ನಿಲ್ಲದೆ ನಡೆಯಿರಿ ಎಂದು. ನಾನು ಮಾಡುತ್ತಿದ್ದದ್ದು ನಡೆಯದೆ ನಿಲ್ಲುವ ವ್ಯಾಯಾಮ.

ಬೆಂಗಳೂರಿನಲ್ಲಿರುವ ಮಗಳು ಫೋನಿನಲ್ಲೇ ಪರಿಹಾರ ಕೊಟ್ಟಳು. "ಕಿವಿಗೆ ಇಯರ್‌ಫೋನ್ ಹಾಕ್ಕೊಳ್ಳಿ ಅಪ್ಪಯ್ಯ. ಇಲ್ಲಿ ಪಾರ್ಕಲ್ಲಿ ಹಾಗೆ ಹಾಕ್ಕೊಂಡವರನ್ನ ಯಾರೂ ಮಾತಾಡ್ಸಲ್ಲ." ಫೋನು ಒಯ್ದರೆ ಕರೆ ಬರುತ್ತದೆ, ಕರೆ ಬಂದರೆ ನಾನು ನಿಲ್ಲುತ್ತೇನೆ ಎಂಬುದನ್ನೂ ಯೋಚಿಸಿ, ತನ್ನ ಕಾಲೇಜಿನ ದಿನಗಳ ಎಂಪಿ3 ಪ್ಲೇಯರನ್ನೇ ಕೊರಿಯರ್ ಮಾಡಿದಳು. ಬೆಂಕಿಪೊಟ್ಟಣದಷ್ಟು ದೊಡ್ಡದು, ಪರದೆ ಇಲ್ಲ, ಹಿಂದೆ ಅಂಗಿಗೆ ಸಿಕ್ಕಿಸುವ ಒಂದು ಕ್ಲಿಪ್ಪು. 2001ರಲ್ಲಿ ಬಂದ ಐಪಾಡನ್ನು ಅದರ ಕಂಪನಿಯೇ 2022ರಲ್ಲಿ ನಿಲ್ಲಿಸಿಬಿಟ್ಟಿತು. ಲೋಕವೆಲ್ಲ ಈ ಜಾತಿಯ ಯಂತ್ರಕ್ಕೆ ಮಂಗಳ ಹಾಡಿದ ಮೇಲೆ ನಮ್ಮ ಮನೆಯಲ್ಲಿ ಅದರ ಒಡ್ಡೋಲಗ.

ಅದರೊಳಗೆ 2 ಜಿಬಿ ಜಾಗವಿದೆ ಎಂದಳು ಮಗಳು. ಜಿಬಿ ಎಂದರೆ ನನಗೆ ತಿಳಿಯದು ಎಂದಾಗ ಮಿನಿಟಿಗೆ ಸುಮಾರು ಒಂದು ಎಂಬಿ ಎಂಬ ಸೂತ್ರ ಹೇಳಿಕೊಟ್ಟಳು. ಉಳಿದ ಲೆಕ್ಕ ನಾನೇ ಮಾಡಿದೆ. ಒಂದು ಜಿಬಿಯಲ್ಲಿ ಹದಿನೇಳು ಗಂಟೆ. ಅಂದರೆ ಚೌಕಿಪೂಜೆಯಿಂದ ಬೆಳಗಿನ ಮಂಗಳದವರೆಗೆ ಇಡೀ ರಾತ್ರಿಯ ಯಕ್ಷಗಾನದ ಆಟ ಎರಡು. ಎರಡು ಜಿಬಿಗೆ ನಾಲ್ಕು ರಾತ್ರಿ! 1998ರಲ್ಲಿ ಕೊರಿಯಾದವರು ಮೊದಲ ಬಾರಿಗೆ ಮಾರಾಟಕ್ಕೆ ಬಿಟ್ಟ ಇಂಥ ಪ್ಲೇಯರ್ ಎಂಪಿಮ್ಯಾನ್‌ನಲ್ಲಿ ಇದ್ದದ್ದು ಬರೀ 32 ಎಂಬಿ, ಅಂದರೆ ಅರ್ಧ ಗಂಟೆ. ಅದರಲ್ಲಿ ಕೋಡಂಗಿಗಳು ಕುಣಿದು ಒಳಗೆ ಹೋಗುವಷ್ಟರಲ್ಲಿ ಜಾಗ ಮುಗಿದಿರುತ್ತಿತ್ತು. ಕೊರಿಯಾದಲ್ಲಿ ಹರಕೆಯಾಟವಿಲ್ಲ, ಅವರಿಗೆ ಸಾಕಾಗಿರಬಹುದು.

ನಾಲ್ಕು ರಾತ್ರಿಯ ಜಾಗಕ್ಕೆ ಏನು ತುಂಬಿಸಬೇಕು ಎಂಬ ಪ್ರಶ್ನೆ ನಮ್ಮ ಕಡೆ ಏಳುವುದೇ ಇಲ್ಲ. ಗುಂಡ್ಮಿ ನಮಗೆ ಕೂಗಳತೆಯಲ್ಲಿದೆ. ಸಾಲಿಗ್ರಾಮ ಮೇಳದ ಭಾಗವತ ಕಾಳಿಂಗ ನಾವಡರು ಆ ಊರಿನವರು. 1990ರಲ್ಲಿ ರಸ್ತೆ ಅಪಘಾತದಲ್ಲಿ ಹೋದಾಗ ಅವರಿಗಿನ್ನೂ ಮೂವತ್ತೆರಡು ತುಂಬಿರಲಿಲ್ಲ. ಹೋದದ್ದು ಅವರು ಮಾತ್ರ. ಕ್ಯಾಸೆಟ್ಟುಗಳು ಎಲ್ಲಿಗೂ ಹೋಗಲಿಲ್ಲ. ನನ್ನ ಮದುವೆಯ ಹಿಂದಿನ ದಿನ ಚಪ್ಪರ ಹಾಕಿದ್ದು, ತಂಗಿಯ ಬಾಣಂತನದಲ್ಲಿ ಮಗು ಮಲಗಿದ್ದು, ಮಳೆಗಾಲದಲ್ಲಿ ಹಪ್ಪಳ ಸುಟ್ಟಿದ್ದು ಎಲ್ಲವೂ ಅವೇ ಕ್ಯಾಸೆಟ್ಟಿನ ಹಿಮ್ಮೇಳದಲ್ಲಿ. ಆಟ ನಡೆಯುವಾಗ ರಂಗಸ್ಥಳದ ಬದಿಯಲ್ಲಿ ಟೇಪ್ ರೆಕಾರ್ಡರ್ ಇಟ್ಟುಕೊಂಡು ಕೂರುವ ಒಂದು ವರ್ಗವೇ ಇತ್ತು, ನಾನೂ ಅದರ ಕಿರಿಯ ಸದಸ್ಯ. ಸರಿಯಾಗಿ ಪದ ಏರುವ ಹೊತ್ತಿಗೆ ಎ ಸೈಡ್ ಮುಗಿದು ಟಕ್ ಎನ್ನುತ್ತಿತ್ತು. ಮಗುಚಿ ಹಾಕುವಷ್ಟರಲ್ಲಿ ಭೀಮ ಒಂದು ಕೊಲೆ ಮುಗಿಸಿ ಆಗಿರುತ್ತಿತ್ತು.

ಸಾಸ್ತಾನದ ಮೊಬೈಲ್ ಅಂಗಡಿಯ ಹುಡುಗನಲ್ಲಿಗೆ ಹೋಗಿ "ಇದ್ಕೆ ಸಾಂಗ್ ಹಾಕ್ಸುಕಿತ್ತ್" ಅಂದೆ. ಅವನು ಪ್ಲೇಯರನ್ನು ಮಗುಚಿ ನೋಡಿ, ಒಳಗಿನ ಕೋಣೆಯಲ್ಲಿದ್ದ ಅಪ್ಪನನ್ನು ಕರೆದು ತೋರಿಸಿದ. ಅಪ್ಪ ಮಗ ಇಬ್ಬರೂ ಸೇರಿ ಗದಾಯುದ್ಧ ಹಾಕಿಕೊಟ್ಟರು, ಹನ್ನೆರಡು ತುಂಡುಗಳಲ್ಲಿ.

ಮರುದಿನ ಬೆಳಿಗ್ಗೆ ಮೊದಲ ತುಂಡು ಸರಿಯಾಗಿಯೇ ಶುರುವಾಯಿತು. ಕೌರವ ರಣರಂಗದಲ್ಲಿ ತನ್ನವರನ್ನು ಹುಡುಕುತ್ತಾ ಅಳುತ್ತಿದ್ದಾನೆ, ನಾನು ನಡೆಯುತ್ತಿದ್ದೇನೆ. ಎರಡನೆಯ ತುಂಡಿನಲ್ಲಿ ಏಕಾಏಕಿ ತೊಡೆ ಮುರಿಯಿತು. ಮೂರನೆಯದರಲ್ಲಿ ಬಲರಾಮ ಸಿಟ್ಟಾದ. ನಾಲ್ಕನೆಯದರಲ್ಲಿ ಮಂಗಳ. ಐದನೆಯದರಲ್ಲಿ ತೊಡೆ ಮುರಿದ ಕೌರವ ಎದ್ದು ವೈಶಂಪಾಯನ ಸರೋವರದ ಕಡೆಗೆ ನಡೆಯತೊಡಗಿದ! ಯಂತ್ರಕ್ಕೆ ಒಂದಾದ ಮೇಲೆ ಹತ್ತು, ಹನ್ನೊಂದು, ಹನ್ನೆರಡು, ಆಮೇಲೆ ಎರಡು. ಮಗಳ ಪ್ರಕಾರ ಅದು ಅಂಕಿ ಎಣಿಸುವುದಿಲ್ಲ, ಅಕ್ಷರ ನೋಡುತ್ತದೆ. ಒಂದರಲ್ಲಿ ಶುರುವಾಗುವುದೆಲ್ಲ ಮೊದಲು, ಎರಡರ ಸರದಿ ಆಮೇಲೆ. 02 ಎಂದು ಹೆಸರಿಟ್ಟಿದ್ದರೆ ಸರಿಹೋಗುತ್ತಿತ್ತಂತೆ. ಒಂದು ಸೊನ್ನೆಯ ದೆಸೆಯಿಂದ ಕುರುಕ್ಷೇತ್ರ ಅಡಿಮೇಲಾಗಿತ್ತು.

ಗಂಜಿ ಉಣ್ಣುವಾಗ ಇದನ್ನು ಅಮ್ಮನಿಗೆ ಹೇಳಿದೆ. ಎಂಬತ್ತು ದಾಟಿದ ಅಮ್ಮ ಉಪ್ಪಿನಕಾಯಿಯ ಮಿಡಿ ಚೀಪುತ್ತಾ, "ಕಾಣ್ ಮಗಾ, ತೊಡಿ ಮುರ್ದ್ ಮೇಲೂ ಅವ ನಡಿತಾ ಇದ್ದ. ನಿಂಗೆ ಎರಡೂ ಕಾಲ್ ಸಮ ಇದ್ದೂ ಆತಿಲ್ಲೆ" ಅಂದಳು.

ಆಗುವುದಿಲ್ಲ ಎಂದಲ್ಲ. ತೊಂದರೆ ಇದ್ದದ್ದು ತಾಳದಲ್ಲಿ. ಹಾಡು ಕೇಳುತ್ತಾ ವ್ಯಾಯಾಮ ಮಾಡುವುದರ ಬಗ್ಗೆ ಲಂಡನ್ನಿನ ಬ್ರೂನೆಲ್ ವಿಶ್ವವಿದ್ಯಾಲಯದಲ್ಲಿ ಕೊಸ್ಟಾಸ್ ಕರಗಿಯೋರ್ಗಿಸ್ ಎಂಬವರು ವರ್ಷಗಟ್ಟಲೆ ಅಧ್ಯಯನ ಮಾಡಿದ್ದಾರೆ. ಲಯಕ್ಕೆ ಹೆಜ್ಜೆ ಕೂಡಿದರೆ ದಣಿವು ಅಷ್ಟಾಗಿ ತಿಳಿಯುವುದಿಲ್ಲ, ಮಿನಿಟಿಗೆ ನೂರಿಪ್ಪತ್ತರ ಆಚೀಚೆ ಪೆಟ್ಟುಗಳಿರುವ ಸಂಗೀತ ಹಲವು ಬಗೆಯ ವ್ಯಾಯಾಮಕ್ಕೆ ಒಗ್ಗುತ್ತದೆ ಎಂಬುದು ಅದರ ಸಾರ. ಈ ಸಂಗೀತಕ್ಕೆ ಎಷ್ಟು ಬಲವಿದೆಯೆಂದರೆ 2007ರಲ್ಲಿ ಅಮೆರಿಕದ ಅಥ್ಲೆಟಿಕ್ಸ್ ಸಂಸ್ಥೆ ಓಟದ ಸ್ಪರ್ಧೆಗಳಲ್ಲಿ ಇಂಥ ಪ್ಲೇಯರುಗಳನ್ನೇ ನಿಷೇಧಿಸಿತ್ತು. ಆಮೇಲೆ ಬಹುಮಾನದ ಆಸೆಯಿಲ್ಲದವರಿಗೆ ಸಡಿಲಿಸಿತು. ಅಂದರೆ ನನ್ನಂಥವರಿಗೆ.

ಆ ಸಂಶೋಧಕರು ತ್ರಿವುಡೆ ತಾಳಕ್ಕೆ ನಡೆದು ನೋಡಿರಲಾರರು. ತ್ರಿವುಡೆಗೆ ಏಳಕ್ಷರ. ನನಗೆ ಎರಡೇ ಕಾಲು. ಮೊದಲ ಪೆಟ್ಟಿಗೆ ಬಲಗಾಲು ಇಟ್ಟರೆ ಏಳು ಮುಗಿದು ಮುಂದಿನ ಸುತ್ತಿನ ಮೊದಲ ಪೆಟ್ಟು ಎಡಗಾಲಿಗೆ ಬೀಳುತ್ತದೆ. ಅದರ ಮುಂದಿನದು ಮತ್ತೆ ಬಲಕ್ಕೆ. ಇದು ತಿಳಿಯದೆ ನಡೆಯುವವನಿಗೆ ಏನೂ ಆಗದು. ಒಮ್ಮೆ ತಿಳಿದುಬಿಟ್ಟರೆ ಮುಗಿಯಿತು. ಪ್ರತಿ ಸುತ್ತಿಗೂ ಬಲಗಾಲೇ ಮುಂದಿರಲಿ ಎಂದು ನಾನು ನಡುವೆ ಒಂದು ಸಣ್ಣ ಹಾರು ಸೇರಿಸತೊಡಗಿದೆ. ಹೀಗೆ ಏಳಕ್ಕೊಮ್ಮೆ ಕುಪ್ಪಳಿಸುತ್ತಾ ಹೋಗುವ ನನ್ನನ್ನು ಕಂಡು ಎದುರಿನಿಂದ ಬಂದ ಹೆಂಗಸೊಬ್ಬರು ತಮ್ಮ ಚಪ್ಪಲಿಯನ್ನು ಎತ್ತಿ ನೋಡಿಕೊಂಡರು, ದಾರಿಯಲ್ಲಿ ಮುಳ್ಳಿದೆಯೋ ಏನೋ ಎಂದು.

ರೂಪಕಕ್ಕೆ ಆರು, ಏಕತಾಳಕ್ಕೆ ನಾಲ್ಕು, ಝಂಪೆಗೆ ಹತ್ತು. ಇವು ಸಜ್ಜನರು, ಎರಡರಿಂದ ಭಾಗವಾಗುತ್ತವೆ. ಆದರೆ ಭಾಗವತರು ಪದದ ಮೊದಲು ರಾಗ ಎಳೆಯುವುದಿದೆಯಲ್ಲ, ಅಲ್ಲಿ ತಾಳವೇ ಇಲ್ಲ. ಅಲ್ಲಿ ಎಂಥ ಹೆಜ್ಜೆ ಹಾಕುವುದು? ಒಂದು ಕಾಲನ್ನು ಎತ್ತಿದವನು ಹಾಗೇ ನಿಂತುಬಿಡುತ್ತಿದ್ದೆ, ತಾಳ ಬೀಳುವವರೆಗೆ. ಯುದ್ಧದ ಪದ ಬಂತೋ, ವಿಷಯ ಬೇರೆ. ಚಂಡೆ ಏರುತ್ತಿದ್ದಂತೆ ಕೈ ತಾನಾಗಿ ಮೇಲೇಳುತ್ತದೆ, ಸೊಂಟ ತಿರುಗುತ್ತದೆ. ನನ್ನ ಎಳವೆಯಲ್ಲಿ ಶಾಲೆಯ ವಾರ್ಷಿಕೋತ್ಸವದ ಆಟದಲ್ಲಿ ಬಲಗಡೆಯ ಸೇನೆಯಾಗಿ ನಿಂತಿದ್ದೆ, ಸೇನೆಗೆ ಕುಣಿಯುವ ಅವಕಾಶ ಇರಲಿಲ್ಲ. ಬಾಳ್ಕುದ್ರುವಿನ ದಾರಿಯಲ್ಲಿ ಆ ಬಾಕಿ ತೀರತೊಡಗಿತು. ಹಾಡು ಕೇಳುವುದು ನನಗೊಬ್ಬನಿಗೆ. ಊರಿಗೆ ಕಾಣುವುದು ಕುಣಿತ ಮಾತ್ರ.

ಇಯರ್‌ಫೋನ್ ಹಾಕಿದವರನ್ನು ಯಾರೂ ಮಾತಾಡಿಸುವುದಿಲ್ಲ ಎಂಬ ಮಗಳ ಸಿದ್ಧಾಂತ ಬೆಂಗಳೂರಿನ ಪಾರ್ಕಿನದು. ನಮ್ಮಲ್ಲಿ ಮೊದಲು ಸ್ವರ ಏರಿಸುತ್ತಾರೆ. ಕೇಳದಿದ್ದರೆ ಕೈ ಅಡ್ಡ ಹಿಡಿಯುತ್ತಾರೆ. ಒಬ್ಬ ಹಿರಿಯರಂತೂ ನನ್ನ ಒಂದು ಕಿವಿಯಿಂದ ಬಳ್ಳಿ ಎಳೆದು ತಮ್ಮ ಕಿವಿಗೆ ಸಿಕ್ಕಿಸಿಕೊಂಡರು. "ಕಾಂಬ, ಭಾಗವತ್ರ್ ಯಾರ್?" ಬಳ್ಳಿ ಗಿಡ್ಡ. ನಾವಿಬ್ಬರೂ ಮೋರಿಕಟ್ಟೆಯ ಮೇಲೆ ತಲೆಗೆ ತಲೆ ತಾಗಿಸಿ ಕೂತು ಆ ಪದ ಮುಗಿಸಿದೆವು. ಬೈಕಿನಲ್ಲಿ ಹೋಗುವವರು ನಿಧಾನ ಮಾಡಿ ನೋಡಿ ಹೋದರು.

ಈ ಹಿರಿಯರ ಕಡೆಗೆ ಅಕಿಯೋ ಮೊರಿಟಾ ಇದ್ದರೆಂದು ನನಗೆ ಆಮೇಲೆ ತಿಳಿಯಿತು. 1979ರ ಜುಲೈಯಲ್ಲಿ ವಾಕ್‌ಮನ್ ತಂದ ಸೋನಿ ಕಂಪನಿಯ ಯಜಮಾನ. ಅದರ ಮಾದರಿಯನ್ನು ಮನೆಗೆ ಒಯ್ದು ಕೇಳುತ್ತಾ ಕೂತಾಗ ಹೆಂಡತಿಗೆ ಬೇಸರವಾಯಿತಂತೆ, ತನ್ನನ್ನು ಹೊರಗಿಟ್ಟ ಹಾಗೆ. ಹಾಗಾಗಿ ಮೊದಲ ವಾಕ್‌ಮನ್‌ನಲ್ಲಿ ಇಬ್ಬರು ಕೇಳಲು ಎರಡು ತೂತು ಇಟ್ಟರು. ಮಾತಾಡಬೇಕಾದಾಗ ಒತ್ತಿದರೆ ಹಾಡು ತಗ್ಗಿ ಎದುರಿನವರ ದನಿ ಕೇಳುವ ಒಂದು ಗುಂಡಿಯನ್ನೂ ಇಟ್ಟರು. ಜಪಾನಿನ ದೊಡ್ಡ ಉದ್ಯಮಿಯೊಬ್ಬ ಹೆಂಡತಿಯ ಮುಖ ನೋಡಿ ಯಂತ್ರಕ್ಕೆ ಹೆಚ್ಚಿಗೆ ತೂತು ಕೊರೆಸಿದ. ಆ ಗುಂಡಿ ನನ್ನ ಪ್ಲೇಯರಿನಲ್ಲಿ ಇದ್ದಿದ್ದರೆ ಬಂಗುಡೆಯ ಪ್ರಕರಣ ನಡೆಯುತ್ತಿರಲಿಲ್ಲ.

ನಮ್ಮ ಮನೆಯಲ್ಲಿ ಬೆಳಿಗ್ಗೆ ನನಗೆ ವಹಿಸಿದ ಕೆಲಸ ಒಂದೇ. ಮೀನಿನವನ ಹಾರ್ನು ಕೇಳಿದ ಕೂಡಲೇ ಪಾತ್ರೆ ಹಿಡಿದು ರಸ್ತೆಗೆ ಓಡುವುದು. ಸ್ಕೂಟರಿನ ಹಿಂದೆ ಪೆಟ್ಟಿಗೆ ಕಟ್ಟಿಕೊಂಡು ಬರುವ ಅವನು ಯಾರಿಗೂ ಕಾಯುವುದಿಲ್ಲ. ಬಂದರಿನ ಬದಿಯ ಊರು ಎಂದ ಮಾತ್ರಕ್ಕೆ ಮೀನು ತಾನಾಗಿ ಮನೆಗೆ ನಡೆದು ಬರುತ್ತದೆಯೇ? ಆ ದಿನ ನಾನು ವಾಕಿಂಗ್ ಮುಗಿಸಿ ಗೇಟಿನ ಹತ್ತಿರವೇ ಇದ್ದೆ. ಕಣ್ಣು ಮುಚ್ಚಿದ್ದೆ, ಕಿವಿಯೊಳಗೆ ಭೀಮ ಗದೆ ಎತ್ತಿದ್ದ. ಹಾರ್ನು ಹೊಡೆಯುತ್ತಾ ಬಂದವನು ನನ್ನ ಮುಖದ ಎದುರೇ ಹೊಡೆದು ಹೋದನಂತೆ.

"ಮೀನಿನವ ಹೋಯಿ ಆಯ್ತ್. ಗೇಟ್ ಹತ್ರ ನಿಂತ್ಕಂಡೂ ಕೇಂಡಿಲ್ಯಾ ನಿಮ್ಗೆ?"

ಕೇಳಲಿಲ್ಲ ಎನ್ನುವುದರ ಬದಲು ವಿಜ್ಞಾನ ಹೇಳಲು ಹೊರಟೆ. ಜರ್ಮನಿಯ ಫ್ರೌನ್‌ಹೋಫರ್ ಸಂಸ್ಥೆಯ ಕಾರ್ಲ್‌ಹೈನ್ಸ್ ಬ್ರಾಂಡೆನ್‌ಬುರ್ಗ್ ಮತ್ತು ಜೊತೆಯವರು ಈ ಎಂಪಿ3ಯನ್ನು ರೂಪಿಸಿದ್ದೇ ಕಿವಿಯ ಒಂದು ದೌರ್ಬಲ್ಯ ನೋಡಿಕೊಂಡು. ದೊಡ್ಡ ಶಬ್ದದ ಬದಿಯಲ್ಲಿ ಸಣ್ಣ ಶಬ್ದವಿದ್ದರೆ ಕಿವಿ ಅದನ್ನು ಹೇಗೂ ಹಿಡಿಯುವುದಿಲ್ಲ. ಹಿಡಿಯದ್ದನ್ನು ಬರೆದಿಡುವುದೇಕೆ ಎಂದು ಬಿಸಾಡಿದರು. ಹಾಗಾಗಿ ಸಿಡಿಯ ಹಾಡು ಹನ್ನೊಂದರಲ್ಲಿ ಒಂದು ಪಾಲಿಗೆ ಇಳಿದರೂ ಕೇಳುವವನಿಗೆ ಏನೂ ಕಳೆದುಹೋದ ಹಾಗೆ ಅನ್ನಿಸುವುದಿಲ್ಲ. ಇನ್ನೂ ಹಿಂಡಿದರೆ ಮಾತ್ರ ಮೊದಲು ಕೆಡುವುದು ಭಾಗವತರ ಕೈಯ ತಾಳ. ಟಣ್ ಎನ್ನುವುದರ ಬದಲು ಶ್ಶ್ ಎನ್ನುತ್ತದೆ.

ಹೆಂಡತಿ ಪೂರ್ತಿ ಕೇಳಿಸಿಕೊಂಡಳು. "ಇದ್ಕೆ ಜರ್ಮನಿಗ್ ಎಂತಕ್ ಹೋಯ್ಕ್? ಮದಿ ಆದಲ್ಲಿಂದ ನಾ ಕಾಂತಾ ಇದ್ದೆ. ನಿಮ್ಮಮ್ಮ ಹೇಳ್ದ್ ಎಲ್ಲ ಕೇಂತ್ತ್. ನಾ ಹೇಳದ್ ಬಿಸಾಡಿ ಆತ್ತ್."

ಮಧ್ಯಾಹ್ನ ಊಟಕ್ಕೆ ಹುರುಳಿ ಸಾರು.

ಬಾರ್ಜಿನ ವಿಷಯ ಊರಿಗೆಲ್ಲ ಗೊತ್ತಿರುವುದರಿಂದ ನಾನು ಬರೆಯದಿದ್ದರೂ ನಡೆಯುತ್ತಿತ್ತು. ಊರವರು ಹೇಳುವುದರಲ್ಲಿ ನಾನು ಬಾರ್ಜಿನ ಮೇಲೆ ಮಂಡಿ ಹೊಡೆದೆ ಎಂದೆಲ್ಲ ಸೇರಿಕೊಂಡಿದೆ. ಅದು ಸುಳ್ಳು. ಆದದ್ದು ಇಷ್ಟು. ಜೆಟ್ಟಿಯ ಕಡೆಗೆ ಬಿರುಸಾಗಿ ನಡೆದಿದ್ದೆ, ಏಕತಾಳ, ಒಳ್ಳೆಯ ಕಾಲ. ಸೀತಾನದಿ, ಸ್ವರ್ಣಾನದಿ ಎರಡೂ ಬಂದು ಸೇರಿ ಅಳಿವೆಯಲ್ಲಿ ಸಮುದ್ರಕ್ಕೆ ಇಳಿಯುವ ಜಾಗ ಅದು. ನೀರು ಎದುರಾದಾಗ ಯಾರಾದರೂ ತಿರುಗುತ್ತಾರೆ. ನನಗೆ ಎದುರಾದದ್ದು ನೀರಲ್ಲ, ಬಾಯಿ ತೆರೆದು ನಿಂತ ಬಾರ್ಜು. ಪದ ಮುಗಿದಿರಲಿಲ್ಲ, ಕಾಲು ನಿಲ್ಲಲಿಲ್ಲ. ಬೈಕುಗಳ ನಡುವೆ ಆಚೆಯ ತುದಿಯವರೆಗೆ ಹೋಗಿ ತಿರುಗಿ ನೋಡಿದರೆ ಹಂಗಾರಕಟ್ಟೆ ಸರಿಯುತ್ತಾ ಇತ್ತು. ಸರಿ, ಇಲ್ಲೇ ನಡೆಯೋಣ ಎಂದು ಬೈಕುಗಳಿಗೆ ಸುತ್ತು ಬಂದೆ. ಟಿಕೆಟಿನವನು ಕೈ ಚಾಚಿದಾಗ ಜೇಬು ಮುಟ್ಟಿಕೊಂಡೆ. ಹಣವಿಲ್ಲ. ಫೋನನ್ನು ಮನೆಯಲ್ಲಿ ಬಿಟ್ಟು ಬರುವುದಕ್ಕೆಂದೇ ಅಲ್ಲವೇ ಈ ಪ್ಲೇಯರು! ಯಾರೋ ಪುಣ್ಯಾತ್ಮರು ನನ್ನ ಟಿಕೆಟ್ ತೆಗೆದರು.

ಆಚೆ ದಡ ಕೋಡಿಬೆಂಗ್ರೆ. ಹೆಂಡತಿಯ ತಮ್ಮನ ಮನೆ ಇರುವುದು ಅಲ್ಲೇ.

"ಏನ್ ಭಾವ, ಬೆಳಿಗ್ಗೇ? ನಡ್ಕಂಡ್ ಬಂದ್ರಾ?"

ಹೌದು ಅಂದೆ. ನಡೆದದ್ದು ಸುಳ್ಳಲ್ಲ. ಅವನು ನನ್ನ ಬರಿಗೈ ನೋಡಿದ, ಕೆಂಪಾದ ಮುಖ ನೋಡಿದ, ಕಿವಿಯಿಂದ ನೇತಾಡುವ ಬಳ್ಳಿ ನೋಡಿದ. ಒಳಗೆ ಕೂರಿಸಿ, ಹಿತ್ತಲಿಗೆ ಹೋಗಿ ಅಕ್ಕನಿಗೆ ಫೋನು ಮಾಡಿದ. "ಅಕ್ಕ, ನೀವಿಬ್ರ್ ಮಾತಾಡ್ಕಂತ ಇಲ್ಯಾ?" ಮಾತಾಡಿಕೊಳ್ಳುತ್ತಿಲ್ಲ ಎಂಬುದು ಬಂಗುಡೆಯ ದಿನದಿಂದ ಅಕ್ಷರಶಃ ನಿಜವಾಗಿತ್ತು. ಅವಳು ಅದನ್ನೇ ಹೇಳಿರಬೇಕು. ನನ್ನ ಮುಂದೆ ಗೋಳಿಬಜೆ, ಬಾಳೆಹಣ್ಣು, ಎರಡು ಚಮಚ ಸಕ್ಕರೆಯ ಚಾ ಬಂದು ಕೂತವು. ಶುಗರ್ ಎಂದರೆ, "ಎಂತಾರೂ ಆಯ್ಲಿ ಭಾವ, ಹೊಟ್ಟಿ ಮೇಲ್ ಸಿಟ್ಟ್ ಮಾಡ್ಬೇಡಿ" ಎಂದು ಅವನ ಹೆಂಡತಿ ಇನ್ನೊಂದು ಹಿಡಿ ಬಡಿಸಿದಳು. ರಸ್ತೆಯಲ್ಲಿ ಮರಳುವುದಾದರೆ ಹೂಡೆ, ಕೆಮ್ಮಣ್ಣು, ಸಂತೆಕಟ್ಟೆ, ಬ್ರಹ್ಮಾವರ ಎಂದು ಲೋಕವನ್ನೇ ಸುತ್ತಬೇಕು. ಭಾವಮೈದುನ ಮುಂದಿನ ಬಾರ್ಜಿಗೆ ಜೊತೆಗೇ ಬಂದ. ನನ್ನನ್ನು ಮನೆ ಬಾಗಿಲಿಗೆ ಒಪ್ಪಿಸಿ, ಹತ್ತು ನಿಮಿಷ ಇಬ್ಬರಿಗೂ ಬುದ್ಧಿ ಹೇಳಿ, ಮಧ್ಯಾಹ್ನದ ಊಟ ಮಾಡಿ ಹೋದ.

ಮಳೆ ಹಿಡಿದ ಮೇಲೆ ಪ್ಲೇಯರು ಒಂದು ದಿನ ತೊಪ್ಪೆಯಾಯಿತು. ಅಕ್ಕಿಯೊಳಗೆ ಹೂತಿಟ್ಟರೆ ನೀರು ಎಳೆದುಕೊಳ್ಳುತ್ತದೆ ಎಂದು ಎಲ್ಲಿಯೋ ಕೇಳಿದ್ದೆ. ಕುಚ್ಚಲಕ್ಕಿಯ ಡಬ್ಬಕ್ಕೆ ಹಾಕಿ ಮುಚ್ಚಳ ಮುಚ್ಚಿದೆ, ಯಾರಿಗೂ ಹೇಳಲಿಲ್ಲ. ಮಾತಾಡಿಕೊಳ್ಳುತ್ತಿರಲಿಲ್ಲವಲ್ಲ. ಸಂಜೆ ಗೆರಸಿಯಲ್ಲಿ ಅಕ್ಕಿ ಹಸನು ಮಾಡಲು ಕೂತ ಅಮ್ಮನ ಕೈಗೆ ಸಿಕ್ಕಿತು. ಕಲ್ಲೆಂದು ಎಸೆಯಲಿಲ್ಲ, ಅದೇ ಪುಣ್ಯ. ಎರಡು ದಿನ ಒಣಗಿ ಅದು ಮತ್ತೆ ಹಾಡತೊಡಗಿದಾಗ, ಸಿಕ್ಕಿದ್ದು ತನಗಾದ್ದರಿಂದ ತನ್ನದೆಂದು ಅಮ್ಮ ತೀರ್ಪು ಕೊಟ್ಟಳು.

"ಈ ಸಣ್ಣ ಪೆಟ್ಟಿಗಿ ಒಳ್ಗ್ ನಾವಡ್ರ್ ಇದ್ರಾ?" ಎಂದು ಕೇಳಿದವಳು ಕಿವಿಗೆ ಹಾಕಿಕೊಂಡ ಮೇಲೆ ಎರಡು ಗಂಟೆ ತೆಗೆಯಲಿಲ್ಲ. ತೆಗೆಯದೆಯೇ ಮಾತಾಡಿದಳು, ಕೋಡಿ ಕನ್ಯಾನಕ್ಕೆ ಕೇಳುವ ಹಾಗೆ. "ಗಂಜಿಗೆ ಉಪ್ಪ್ ಹೆಚ್ಚಾಯ್ತ್!" ಎಂದರೆ ಪಕ್ಕದ ಮನೆಯವರು ಚಮಚ ಕೆಳಗಿಟ್ಟರು. ಹೆಂಡತಿ ಇದಕ್ಕೆ ಉತ್ತರ ಕೊಟ್ಟಳು, ಮೂವತ್ತು ವರ್ಷಗಳಲ್ಲಿ ಮೊದಲ ಬಾರಿಗೆ, ಮನಸ್ಸಿಗೆ ಬಂದದ್ದನ್ನೆಲ್ಲ. ಅಮ್ಮ ತಲೆದೂಗಿದಳು, ಭಾಗವತರಿಗೆ. ಅಂದಿನಿಂದ ಹೆಂಡತಿಯ ರಕ್ತದೊತ್ತಡ ಇಳಿಯಿತು. ಪ್ಲೇಯರನ್ನು ದಿನವೂ ಚಾರ್ಜಿಗೆ ಇಡುವವಳು ಈಗ ಅವಳೇ.

ಅಮ್ಮ ಅಂಗಳದಲ್ಲಿ ತುಳಸಿಕಟ್ಟೆಗೆ ಸುತ್ತು ಬರುತ್ತಾ ಕೇಳುತ್ತಾಳೆ. ಸೀರೆಯ ಸೆರಗಿಗೆ ಕ್ಲಿಪ್ಪು. ತ್ರಿವುಡೆಯಾಗಲಿ ಅಷ್ಟವಾಗಲಿ ಅವಳ ಕಾಲಿಗೆ ತೊಡಕಿಲ್ಲ. ರಾಗ ಎಳೆಯುವಲ್ಲಿ ನಿಲ್ಲುವುದೂ ಇಲ್ಲ, ನಿಧಾನ ಮಾಡುತ್ತಾಳೆ ಅಷ್ಟೆ. ನಾನು ಜಗಲಿಯಲ್ಲಿ ಕೂತು ನೋಡಿ ಕಲಿಯುತ್ತಿದ್ದೇನೆ. ಮೊನ್ನೆ ಇಬ್ಬರ ರಕ್ತವನ್ನೂ ಪರೀಕ್ಷೆಗೆ ಕೊಟ್ಟಿದ್ದೆವು. ಅಮ್ಮನ ಶುಗರ್ ಇಳಿದಿದೆ. ನನ್ನದನ್ನು ಹೆಂಡತಿ ಎರಡು ಸಲ ಓದಿ, ಚೀಟಿ ಮಡಚಿ, ಗೋಳಿಬಜೆಯ ಬಗ್ಗೆ ಒಂದು ಮಾತು ಹೇಳಿ ಒಳಗೆ ಹೋದಳು.

ನಿನ್ನೆ ಸಂಜೆ ನಡುವಿನಲ್ಲೇ ಬ್ಯಾಟರಿ ಮುಗಿಯಿತು. ಅಮ್ಮ ಬಳ್ಳಿ ಬಿಚ್ಚಿ ಜಗಲಿಯ ಮೇಲಿಟ್ಟು, ಪೆಟ್ಟಿಗೆಯನ್ನು ಸೊಸೆಯ ಕೈಗೆ ಕೊಟ್ಟು, ನನ್ನ ಕಡೆ ತಿರುಗಿದಳು.

"ಹಾಡ್ ಇಲ್ದಿರೆ ನಂಗ್ ನಡುಕಾತಿಲ್ಲೆ. ಅದ್ ಚಾರ್ಜ್ ಆಪುವರಿಗೆ ನೀನೇ ಹೇಳ್."

ಭಾಗವತಿಕೆ! ಟೇಪ್ ರೆಕಾರ್ಡರ್ ಹೊತ್ತು ಕಳೆದ ಎಳವೆ, ಅವಕಾಶ ಸಿಗದ ಬಲಗಡೆಯ ಸೇನೆ, ಎಲ್ಲವೂ ಗಂಟಲಿಗೆ ಬಂದವು. ಸ್ಟೀಲಿನ ತಟ್ಟೆಯೊಂದನ್ನು ಹತ್ತಿರ ಎಳೆದುಕೊಂಡು, ಕಣ್ಣು ಮುಚ್ಚಿ, ರಾಗ ಎತ್ತಿದೆ. ಅಮ್ಮ ನಡೆದಳು. ಪಕ್ಕದ ಮನೆಯ ನಾಯಿಯೂ ಶ್ರುತಿ ಸೇರಿಸಿತು. ಪದ ಮುಗಿಸಿ ಕಣ್ಣು ಬಿಟ್ಟಾಗ ಹೆಂಡತಿ ಬಾಗಿಲ ಬಳಿ ಕೂತು ತರಕಾರಿ ಹೆಚ್ಚುತ್ತಿದ್ದಳು. ಎರಡು ಕಿವಿಗೂ ಇಯರ್‌ಫೋನ್ ಸಿಕ್ಕಿಸಿಕೊಂಡಿದ್ದಳು. ಪ್ಲೇಯರು ಒಳಗೆ ಗೋಡೆಯ ಪ್ಲಗ್ಗಿನಲ್ಲಿತ್ತು. ಬಳ್ಳಿಯ ಇನ್ನೊಂದು ತುದಿ ಸೌತೆಕಾಯಿಯ ಸಿಪ್ಪೆಯ ಮೇಲೆ ಬಿದ್ದಿತ್ತು.